ಖಾಲಿ ಬಾಟಲಿಗೆ 25 ಸೆಂಟ್

ಶನಿವಾರ ಬೆಳಿಗ್ಗೆ ಇಲ್ಲಿ ಸ್ಟುಟ್‌ಗಾರ್ಟ್‌ನ ಸೂಪರ್‌ಮಾರ್ಕೆಟ್‌ಗೆ ಹೋದರೆ ಮೊದಲ ಕ್ಯೂ ಬಾಟಲಿ ನುಂಗುವ ಮೆಷಿನ್ ಮುಂದೆ. ಒಂದೊಂದೇ ಖಾಲಿ ಬಾಟಲಿ ತೂರಿಸಬೇಕು. ಅದು ಗಿರ್ರನೆ ತಿರುಗಿಸಿ ಲೇಬಲ್ ನೋಡುತ್ತದೆ, ಕೊನೆಗೆ ಚೀಟಿ ಕೊಡುತ್ತದೆ. ಲೇಬಲ್ ಕಿತ್ತುಹೋಗಿದ್ದರೆ ವಾಪಸ್ ಉಗುಳುತ್ತದೆ! ಚೀಟಿ ಕೌಂಟರ್‌ನಲ್ಲಿ ಕೊಟ್ಟರೆ, ಬಾಟಲಿ ಕೊಳ್ಳುವಾಗ ಇಟ್ಟ ಡಿಪಾಸಿಟ್ ಬಿಲ್ಲಿನಲ್ಲಿ ಅಷ್ಟೂ ಕಮ್ಮಿ.

ಒಂದು ಸಲ ಬಳಸಿ ಎಸೆಯುವ ಬಾಟಲಿಗೆ 2003ರಿಂದ ಜರ್ಮನಿಯಲ್ಲಿ ಈ ಡಿಪಾಸಿಟ್ ಇದೆ. ಈಗ 25 ಸೆಂಟ್. ನಾವು ಮಾಡುವ ಹಾನಿಯ ಖರ್ಚು ಊರಿನ ತಲೆಗೆ ಬೀಳುತ್ತಿದ್ದರೆ ಅದನ್ನು ನಮ್ಮ ಜೇಬಿಗೇ ತಾಗಿಸಬೇಕು ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಾದಿಸಿದ್ದ. ಈ ಮೆಷಿನ್ ಅದರ ಮೊಮ್ಮಗ ಇದ್ದ ಹಾಗೆ.

ನಮಗೇನು ಇದು ಹೊಸದಲ್ಲ. ಗೋಲಿ ಸೋಡಾ ಕುಡಿದರೆ ಬಾಟಲಿ ಅಂಗಡಿಯಲ್ಲೇ ಬಿಡಬೇಕಿತ್ತು. ಮನೆಗೆ ಒಯ್ಯುವುದಾದರೆ ಡಿಪಾಸಿಟ್ ಇಡು ಅನ್ನುತ್ತಿದ್ದರು. 'ಹಳೇ ಪೇಪರ್, ಖಾಲಿ ಬಾಟ್ಲೀ' ಅಂತ ಕೂಗುತ್ತ ಬರುವವನ ತಕ್ಕಡಿಯ ಮೇಲೆ ಅಮ್ಮನಿಗೆ ಯಾವಾಗಲೂ ಅನುಮಾನ. ಆದರೆ ಗುಜರಿಯಲ್ಲಿ ಬೆಲೆ ಇದ್ದದ್ದು ಮಾತ್ರ ಹೋಗುತ್ತದೆ. ಬಿಯರ್ ಬಾಟಲಿ ಹೋಗುತ್ತದೆ, ರಟ್ಟು ಹೋಗುತ್ತದೆ. ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಷೆ ಚರಂಡಿಯಲ್ಲೇ ಉಳಿಯುತ್ತವೆ. ಕೆಜಿಗಟ್ಟಲೆ ಆಯ್ದರೂ ಏನೂ ಗಿಟ್ಟದ ಮೇಲೆ ಯಾರು ಮುಟ್ಟುತ್ತಾರೆ?

'ನಮ್ಮ ಜನಕ್ಕೆ ಬುದ್ಧಿ ಇಲ್ಲ ಕಣೋ' ಅಂತ ಇಲ್ಲಿನ ಗೆಳೆಯರು ಶುರು ಮಾಡಿದಾಗ ನನಗೆ ರೇಗುತ್ತದೆ. ನಮ್ಮ ಟ್ರಾಮ್ ಸ್ಟಾಪಿಗೆ ಬಂದು ನೋಡಲಿ. ಹಳಿಗಳ ನಡುವೆ ಸಿಗರೇಟ್ ತುಂಡುಗಳ ರಾಶಿ. ಅದಕ್ಕೆ ಡಿಪಾಸಿಟ್ ಇಲ್ಲ, ಅಲ್ವಾ?

ಹಾಗಂತ ಬೆಲೆ ಕಟ್ಟಿದ ಕೂಡಲೇ ಎಲ್ಲ ಸರಿಹೋಗುವುದೂ ಇಲ್ಲ. ತೊಳೆದು ಮತ್ತೆ ತುಂಬುವ ಬಾಟಲಿಗಳ ಬಳಕೆ ಉಳಿಯಲಿ ಅನ್ನುವುದು ಈ ಕಾನೂನಿನ ಉದ್ದೇಶವಾಗಿತ್ತು. ಆಮೇಲೆ ಅವುಗಳ ಪಾಲು ಇಳಿದೇ ಹೋಯಿತು. ಮತ್ತೆ ತುಂಬುವ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್, ಒಂದೇ ಸಲ ಬಳಸಿ ಪುಡಿ ಮಾಡುವ ಪ್ಲಾಸ್ಟಿಕ್ ಬಾಟಲಿಗೆ 25. ಜಾಸ್ತಿ ದುಡ್ಡು ವಾಪಸ್ ಬರುವುದೇ ಒಳ್ಳೆಯ ಬಾಟಲಿ ಅಂತ ನಾನೇ ಎರಡು ವರ್ಷ ತಿಳಿದಿದ್ದೆ.

ರೈಲ್ವೆ ಸ್ಟೇಷನ್ನಿನಲ್ಲಿ ರಾತ್ರಿ ಒಬ್ಬರು ಅಜ್ಜ ಬರುತ್ತಾರೆ. ಇಸ್ತ್ರಿ ಮಾಡಿದ ಕೋಟು, ಕೈಯಲ್ಲಿ ಟಾರ್ಚು. ಕಸದ ಡಬ್ಬದೊಳಗೆ ಬೆಳಕು ಬಿಟ್ಟು ಬಾಟಲಿ ಹುಡುಕುತ್ತಾರೆ. ನಮ್ಮ ಬೀದಿಯ ಚಿಂದಿ ಆಯುವವರ ಕೆಲಸವೇ, ಕೋಟು ಬೇರೆ ಅಷ್ಟೆ. ಅವರು ಕಸಕ್ಕೆ ಕೈ ಹಾಕುವಂತಾಗದಿರಲಿ ಅಂತ ಇಲ್ಲಿನವರು ಬಾಟಲಿಯನ್ನು ಡಬ್ಬದ ಪಕ್ಕ ನಿಲ್ಲಿಸಿ ಹೋಗುತ್ತಾರೆ. ಈಗ ನಾನೂ ಹಾಗೇ ಮಾಡುತ್ತೇನೆ.