ಅಮ್ಮಂದಿರನ್ನು ದೂರಿದರೆ ಆಯ್ತಾ?

ಬ್ರಿಟನ್ನಿನ ಮಕ್ಕಳ ಬೊಜ್ಜಿಗೆ ಹೆತ್ತವರ ಸೋಮಾರಿತನವೇ ಕಾರಣ ಅನ್ನುವ ಲೇಖನವೊಂದರ ಮಾತನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ಪ್ರತಿವರ್ಷ 4-5 ಮತ್ತು 10-11 ವಯಸ್ಸಿನ ಮಕ್ಕಳ ಎತ್ತರ, ತೂಕ ನೋಡುತ್ತಾರೆ. ತೀರಾ ಬಡ ಪ್ರದೇಶಗಳಲ್ಲಿ ಮಕ್ಕಳ ಬೊಜ್ಜಿನ ಪ್ರಮಾಣ ಶ್ರೀಮಂತರ ಪ್ರದೇಶಗಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಹಾಗಾದರೆ ಬಡವರೆಲ್ಲ ಸೋಮಾರಿಗಳಾ?

ಪೂರ್ವ ಲಂಡನ್ನಿನಲ್ಲಿ ಇದ್ದಾಗ ದಿನಾ ನೋಡುತ್ತಿದ್ದೆ. ಶಾಲೆ ಬಿಟ್ಟ ಕೂಡಲೇ ಮಕ್ಕಳು ಎದುರಿನ ಕರಿದ ಚಿಕನ್ ಅಂಗಡಿಗೆ ನುಗ್ಗುತ್ತಿದ್ದರು. ಕೈಯಲ್ಲಿ ಎಣ್ಣೆ ಜಿನುಗುವ ಚಿಪ್ಸ್ ಡಬ್ಬಿ. ಅಮ್ಮ ಇನ್ನೂ ಕೆಲಸದಲ್ಲಿ. ಎಷ್ಟೋ ಮನೆಗಳಲ್ಲಿ ಗ್ಯಾಸ್, ಕರೆಂಟ್ ಮೀಟರಿಗೆ ಮೊದಲೇ ದುಡ್ಡು ಕಟ್ಟದಿದ್ದರೆ ಒಲೆಯೇ ಉರಿಯದು. ತರಕಾರಿ ಬೇಯಿಸುವುದು ಅಷ್ಟು ಸುಲಭ ಅಲ್ಲ, ಅಲ್ವಾ?

2018ರಲ್ಲಿ ತಂಪು ಪಾನೀಯದ ಸಕ್ಕರೆಗೆ ತೆರಿಗೆ ಬಿತ್ತು. ಎಷ್ಟೋ ಕಂಪನಿಗಳು ತಾವೇ ಸಕ್ಕರೆ ಇಳಿಸಿದವು. ಶಾಲೆ ಪಕ್ಕದ ಅಂಗಡಿಗಳ ವಿಷಯದಲ್ಲೂ ಅಂಥದ್ದೇ ಗಟ್ಟಿ ಕ್ರಮ ಬೇಕು.