ರುಚಿ ಇದೆಯಂತೆ!

ಎರಡು ವರ್ಷದ ಕೆಲಸಕ್ಕೆಂದು ಒಸಾಕಾಗೆ ಬಂದಿದ್ದ ನನಗೆ ಭಾನುವಾರವೆಂದರೆ ನಿದ್ದೆ. ಹೆಂಡತಿಯ ಲೆಕ್ಕವೇ ಬೇರೆ. "ರೀ, ಮಲಗುವುದಕ್ಕೆ ಇಷ್ಟು ದೂರ ಬರಬೇಕಿತ್ತೇ? ಹಾಸನದ ಮನೆಯ ಹಾಸಿಗೆಯೇ ಇದಕ್ಕಿಂತ ಮೆತ್ತಗಿತ್ತು" ಎಂದು ಒಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿ ಶಿಗರಾಕಿಗೆ ಹೊರಡಿಸಿದಳು. ಅಲ್ಲಿ ಅರ್ಧ ದಿನ ಕುಂಬಾರಿಕೆ ಕಲಿಸುತ್ತಾರಂತೆ.

ಶಿಗರಾಕಿ ಶಿಗಾ ಪ್ರಾಂತ್ಯದ ಗುಡ್ಡಗಳ ನಡುವಿನ ಊರು. ಜಪಾನಿನ ಆರು ಪುರಾತನ ಕುಂಬಾರಿಕೆ ಕೇಂದ್ರಗಳಲ್ಲಿ ಅದೂ ಒಂದು. ಕುಸತ್ಸುವಿನಲ್ಲಿ ರೈಲು ಬದಲಿಸಿ, ಕಿಬುಕಾವಾದಲ್ಲಿ ಮತ್ತೆ ಬದಲಿಸಿ, ಕೊನೆಗೆ ಒಂದೇ ಬೋಗಿಯ ಪುಟ್ಟ ರೈಲು ಹತ್ತಬೇಕು. ಅದು ಕಾಡು, ಗದ್ದೆಗಳ ನಡುವೆ 14.7 ಕಿಲೋಮೀಟರ್ ತೆವಳಿ ಊರು ಮುಟ್ಟಿಸುತ್ತದೆ.

ಇಳಿದ ಕೂಡಲೇ ಎದುರಾದದ್ದು ತನುಕಿ. ನಾಯಿಯ ಜಾತಿಗೆ ಸೇರಿದ ಕಾಡುಪ್ರಾಣಿಯ ಮಣ್ಣಿನ ಗೊಂಬೆ. ತಲೆಗೆ ಹುಲ್ಲಿನ ಟೋಪಿ, ಒಂದು ಕೈಯಲ್ಲಿ ಹೆಂಡದ ಬಾಟಲಿ, ಇನ್ನೊಂದರಲ್ಲಿ ಸಾಲದ ಲೆಕ್ಕದ ಪುಸ್ತಕ, ಮುಂದೆ ಗಡಿಗೆಯಂಥ ಹೊಟ್ಟೆ. ಹೊಟ್ಟೆಯ ಕೆಳಗಿರುವುದನ್ನು ವರ್ಣಿಸಿದರೆ ಈ ಬರಹ ಮನೆಮಂದಿಯೆಲ್ಲ ಓದುವಂತಿರುವುದಿಲ್ಲ. ಬೀದಿಬದಿ, ಅಂಗಡಿ, ಮನೆಯ ಗೇಟು, ಎಲ್ಲಿ ನೋಡಿದರೂ ಇವನೇ. 1951ರಲ್ಲಿ ಚಕ್ರವರ್ತಿ ಬಂದಾಗ ಊರಿನವರು ಈ ತನುಕಿಗಳ ಕೈಗೆ ಬಾವುಟ ಕೊಟ್ಟು ದಾರಿಯುದ್ದಕ್ಕೂ ಸ್ವಾಗತಕ್ಕೆ ನಿಲ್ಲಿಸಿದ್ದರಂತೆ. "ಪಕ್ಕದಲ್ಲಿ ನಿಲ್ಲಿ, ಫೋಟೋ ತೆಗೆಯುತ್ತೇನೆ" ಎಂದಳು ಹೆಂಡತಿ. ನಿಂತೆ. ಆ ಫೋಟೋ ನೋಡಿದ ನನ್ನ ಭಾವಮೈದುನ ಇವತ್ತಿಗೂ "ಎಡಗಡೆ ಇರುವವರು ಯಾರು?" ಎಂದು ಕೇಳುತ್ತಾನೆ.

ಕಾರ್ಯಾಗಾರದ ಗುರುಗಳಿಗೆ ಎಪ್ಪತ್ತು ದಾಟಿರಬೇಕು. ಜೊತೆಗೊಬ್ಬ ಹುಡುಗ, ಶಿಷ್ಯ. ಮೊದಲು ಮಣ್ಣು ನಾದುವುದು. ಗುರುಗಳು ನಾದಿದರೆ ಮುದ್ದೆಯ ಮೇಲೆ ಸೇವಂತಿಗೆಯ ಎಸಳುಗಳಂತೆ ಮಡಿಕೆ ಏಳುತ್ತಿತ್ತು. ನಾದುವುದನ್ನು ಕಲಿಯುವುದಕ್ಕೇ ಮೂರು ವರ್ಷ ಎಂಬ ಮಾತು ಅವರಲ್ಲಿದೆ. ಇಪ್ಪತ್ತು ವರ್ಷ ಚಪಾತಿ ಹಿಟ್ಟು ನಾದಿದ ನನ್ನ ಹೆಂಡತಿಗೆ ಮೂರು ನಿಮಿಷ ಸಾಕಾಯಿತು. ನನ್ನ ಮುದ್ದೆಯಲ್ಲಿ ಸೇವಂತಿಗೆ ಅರಳಲಿಲ್ಲ. ಹೂಕೋಸಿನ ಹಾಗೆ ಏನೋ ಕಾಣಿಸಿತು. ಶಿಗರಾಕಿಯ ಮಣ್ಣು ಬೇರೆ ಒರಟು. ಬಿವಾ ಸರೋವರದ ಹಳೆಯ ತಳದಲ್ಲಿ ಕೂತ ಮಣ್ಣಂತೆ, ಒಳಗೆಲ್ಲ ಬಿಳಿ ಹರಳು. ಬನ್ಸಿ ರವೆ ಕಲಸಿದಂತಿತ್ತು.

ಆಮೇಲೆ ತಿಗರಿ. ಅಲ್ಲಿಯ ತಿಗರಿ ಸಾಮಾನ್ಯವಾಗಿ ಬಲಕ್ಕೆ, ಅಂದರೆ ಪ್ರದಕ್ಷಿಣೆಯ ದಿಕ್ಕಿಗೆ ತಿರುಗುತ್ತದೆ. ಶುಭಲಕ್ಷಣ ಎಂದುಕೊಂಡೆ. ನನ್ನ ಆಸೆಯೂ ದೊಡ್ಡದೇನಲ್ಲ: ಹೊಟ್ಟೆ ತುಂಬ ಫಿಲ್ಟರ್ ಕಾಫಿ ಹಿಡಿಯುವ ಒಂದು ಲೋಟ. ಗುರುಗಳು ಹೆಬ್ಬೆರಳು ಒತ್ತಿ ತೋರಿಸಿದರು. ಮಣ್ಣು ತಾನಾಗಿಯೇ ಬಾಯಿ ತೆರೆದು ಮೇಲೆದ್ದಿತು. ನಾನು ಒತ್ತಿದೆ. ಕಾಲ ಕೆಳಗಿದ್ದ ಪೆಡಲನ್ನೂ ಒತ್ತಿದೆ. ಬೆಂಗಳೂರಿನಲ್ಲಿ ಸಿಗ್ನಲ್ ಹಸಿರಾದಾಗ ಒತ್ತುವ ಅಭ್ಯಾಸ ನೋಡಿ. ಲೋಟದ ಮೇಲಿನ ಅರ್ಧ ಎದ್ದು ಹೊರಟು ಹೆಂಡತಿಯ ಕನ್ನಡಕ ಸವರಿಕೊಂಡು ಗೋಡೆಗೆ ಅಂಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನನಗೆ ದೊಣ್ಣೆಯೂ ಬೇಕಾಗಲಿಲ್ಲ.

ಉಳಿದ ಕೆಳಗಿನ ಅರ್ಧವನ್ನೇ ಎಳೆದು, ನೀವಿ, ಒಂದು ಕಡೆಗೆ ವಾಲಿದ ಪಾತ್ರೆಯೊಂದನ್ನು ನಿಲ್ಲಿಸಿದೆ. ಗುರುಗಳು ತಲೆ ಓರೆ ಮಾಡಿ ಬಹಳ ಹೊತ್ತು ನೋಡಿ "ಅಜಿ ಗ ಅರು" ಎಂದರು. ಕಚೇರಿಯ ಭಾಷಾ ತರಗತಿಯಲ್ಲಿ ನಾನು ನೆನಪಿಟ್ಟುಕೊಂಡ ನಾಲ್ಕಾರು ಪದಗಳಲ್ಲಿ "ಅಜಿ"ಯೂ ಒಂದು: ರುಚಿ. "ರುಚಿ ಇದೆ" ಎನ್ನುತ್ತಿದ್ದಾರೆ! ಮಣ್ಣಿನ ಗುಣವನ್ನು ನಾಲಿಗೆಯಿಂದ ಪರೀಕ್ಷಿಸುವುದು ಇವರ ಸಂಪ್ರದಾಯವಿರಬೇಕು, ಬೇಡವೆಂದರೆ ಹಿರಿಯರಿಗೆ ಅವಮಾನ ಮಾಡಿದಂತೆ ಎಂದು ಬೆರಳ ತುದಿಯ ಮಣ್ಣನ್ನು ನೆಕ್ಕಿದೆ. ಹೌದು ಹೌದು ಎಂದು ತಲೆಯನ್ನೂ ಆಡಿಸಿದೆ.

ಗುರುಗಳ ಕಣ್ಣು ಎರಡೂ ಗುಂಡಗಾದವು. ಹುಬ್ಬು ಕೆಳಗಿಳಿಯಿತು. ಬಾಯಿ ಒಂದು ಅಡ್ಡಗೆರೆಯಾಯಿತು.

ಸೊಟ್ಟಗಿರುವ ಪಾತ್ರೆಗೆ ತನ್ನದೇ ಒಂದು ಸೊಗಸಿದೆ ಎಂಬರ್ಥದಲ್ಲಿ ಆ ಮಾತು ಬಳಸುತ್ತಾರೆಂದು ಶಿಷ್ಯ ಮೊಬೈಲಿನ ಅನುವಾದದ ಸಹಾಯದಿಂದ ವಿವರಿಸಿದ. ಅಷ್ಟರಲ್ಲಿ ನಾನು ಯಶೋದೆಯ ಮಗನಾಗಿದ್ದೆ. ಹೆಂಡತಿ ತಿಗರಿಯ ಮೇಲೆ ಬಗ್ಗಿ ನಗುತ್ತಿದ್ದಳು. ಅಷ್ಟಾದರೂ ಅವಳ ಬಟ್ಟಲು ಅಲುಗಲಿಲ್ಲ.

ಕೊನೆಗೆ ಪಾತ್ರೆಯ ಪಕ್ಕೆಯಲ್ಲಿ ಹೆಸರು ಕೊರೆಯಲು ಬಿದಿರಿನ ಕಡ್ಡಿ ಕೊಟ್ಟರು. "ವಿಠಲ" ಎಂದು ಕನ್ನಡದಲ್ಲಿ ಕೊರೆದೆ. ಶಿಷ್ಯ ಬಗ್ಗಿ ನೋಡಿದವನೇ ಕುಣಿದಾಡಿಬಿಟ್ಟ. ಮೊಬೈಲ್ ತೆಗೆದು ತೋರಿಸಿದ: ಠ_ಠ. ನಮ್ಮ ಠ ಎಂಬ ಅಕ್ಷರ, ನಮ್ಮಲ್ಲೇ ವರ್ಷಕ್ಕೆ ಹತ್ತು ಸಲ ಬರೆಯದ ಅಕ್ಷರ, ಇಂಟರ್ನೆಟ್ಟಿನಲ್ಲಿ ಎರಡು ಕಣ್ಣುಗಳಾಗಿ "ನೀನು ಮಾಡಿದ್ದು ನನಗೆ ಹಿಡಿಸಲಿಲ್ಲ" ಎಂದು ಜಗತ್ತನ್ನೇ ದುರುಗುಟ್ಟಿ ನೋಡುತ್ತಿದೆ. ಅದು ಕನ್ನಡ ಎಂದು ಅವನಿಗೆ ಗೊತ್ತಿರಲಿಲ್ಲ. ಅವನು ಒಮ್ಮೆ ಮೊಬೈಲನ್ನೂ ಒಮ್ಮೆ ಗುರುಗಳನ್ನೂ ನೋಡಿ ಬಾಯಿ ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಮುಂಚೆ ಗುರುಗಳ ಮುಖ ಥೇಟ್ ಹಾಗೇ ಇತ್ತು.

ಒಣಗಿಸಿ, ಸುಟ್ಟು, ಮೆರುಗು ಹಚ್ಚಿ, ಮತ್ತೆ 1,200 ಡಿಗ್ರಿಗೂ ಮೇಲೆ ಸುಡಬೇಕು. ಹೀಗಾಗಿ ಪಾರ್ಸೆಲ್ ಬಂದಾಗ ಎರಡು ತಿಂಗಳು ಕಳೆದಿತ್ತು. ಒಣಗಿ, ಸುಟ್ಟು ಮುಗಿಯುವಷ್ಟರಲ್ಲಿ ಮಣ್ಣು ಹತ್ತರಲ್ಲೊಂದು ಪಾಲಿಗೂ ಹೆಚ್ಚು ಕುಗ್ಗುತ್ತದೆ ಎಂದು ಅಲ್ಲೇ ಹೇಳಿದ್ದರಂತೆ. ನಾನು ಆಗ ಬಾಯಿ ತೊಳೆಯುತ್ತಿದ್ದೆ. ಹೆಂಡತಿಯ ಬಟ್ಟಲು ಇಬ್ಬರಿಗಾಗುವಷ್ಟು ಹುಳಿ ಹಿಡಿಯುತ್ತದೆ. ನನ್ನ ಲೋಟಕ್ಕೆ ಎರಡು ಗುಟುಕು ಕಾಫಿ, ಅದೂ ವಾಲಿದ ಕಡೆಯಿಂದ ಚೆಲ್ಲದಿದ್ದರೆ. ಮೇಲಿನಿಂದ ಇಳಿದ ಮೆರುಗು ದಪ್ಪಗೆ ಕೂತು "ವಿ"ಯನ್ನೂ "ಲ"ವನ್ನೂ ನುಂಗಿಹಾಕಿದೆ. ನಡುವಿನ ಅಕ್ಷರ ಮಾತ್ರ ಸ್ವಚ್ಛವಾಗಿ ಉಳಿದಿದೆ.

ಈಗ ನಾನು ಎರಡನೇ ಸಲ ಕಾಫಿ ಕೇಳಿದರೆ ಹೆಂಡತಿ ಮಾತಾಡುವುದಿಲ್ಲ. ಲೋಟವನ್ನು ಮೆಲ್ಲಗೆ ನನ್ನ ಕಡೆಗೆ ತಿರುಗಿಸಿ ಇಡುತ್ತಾಳೆ.