ರಕ್ತ ಜಾಸ್ತಿ ಇದ್ದರೆ ಒಳ್ಳೇದಲ್ವಾ?

ನಿನ್ನೆ ಮತ್ತೆ 350 ಎಂ.ಎಲ್. ರಕ್ತ ತೆಗೆಸಿಕೊಂಡು ಬಂದೆ. ಮನೆ ಮುಟ್ಟುವಷ್ಟರಲ್ಲಿ ಪಕ್ಕದ ಮನೆಯ ಅಕ್ಕ ದಾಳಿಂಬೆ, ಜೊತೆಗೊಂದು ಐರನ್ ಟಾನಿಕ್ ಹಿಡಿದು ನಿಂತಿದ್ದರು. 'ತಗೋರಿ, ರಕ್ತ ತುಂಬ್ಕೊತೈತಿ.' ತುಂಬಬಾರದು ಅಂತಲೇ ತೆಗೆಸುವುದು ಅಂದರೆ ನಂಬುವವರು ಯಾರು?

ನನಗಿರುವುದು ಪಾಲಿಸೈಥೀಮಿಯಾ ವೆರಾ. ಮೂಳೆಯೊಳಗಿನ ಮಜ್ಜೆ ಲಂಗುಲಗಾಮಿಲ್ಲದೆ ಕೆಂಪು ರಕ್ತಕಣ ತಯಾರಿಸುತ್ತಲೇ ಇರುತ್ತದೆ. ಹೆಚ್ಚಿನವರಲ್ಲಿ ಜಾಕ್2 ಅನ್ನುವ ಜೀನ್ ಕೆಟ್ಟಿರುತ್ತದೆ. ನನ್ನದೂ ಅದೇ.

ಶುರುವಾದದ್ದು ಬಚ್ಚಲಿನಲ್ಲಿ. ಬಿಸಿನೀರು ಹೊಯ್ದುಕೊಂಡು ಬಂದರೆ ಸಾಕು, ತೊಡೆ, ಬೆನ್ನು ಎಲ್ಲಾ ಸೂಜಿ ಚುಚ್ಚಿದ ಹಾಗೆ ತುರಿಕೆ. ಮೈಮೇಲೆ ಒಂದು ದದ್ದೂ ಇಲ್ಲ. ಟವೆಲ್ ಸುತ್ತಿಕೊಂಡು ಅರ್ಧ ಗಂಟೆ ಫ್ಯಾನ್ ಕೆಳಗೆ ಸುಮ್ನೆ ಕೂರುತ್ತಿದ್ದೆ. ಸೋಪು ಮೂರು ಸಲ ಬದಲಾಯ್ತು. ಬೇವಿನ ಸೊಪ್ಪಿನ ನೀರೂ ಆಯ್ತು. ಒಬ್ಬ ಡಾಕ್ಟರು ಎರಡು ವರ್ಷ ಅಲರ್ಜಿ ಮಾತ್ರೆ ಕೊಟ್ಟರು, ಒಂದು ಸಲವೂ ರಕ್ತಪರೀಕ್ಷೆ ಬರೆಯಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಮುಖ ಕೆಂಪಗಾಗಿತ್ತು. ಮದುವೆ ಮನೆಯಲ್ಲಿ 'ಏನ್ ಕಳಾ ಬಂದೈತ್ರಿ' ಅಂದರು. ನಾನೂ ಉಬ್ಬಿದೆ!

ಒಂದು ಸಂಜೆ ಧಾರವಾಡದಲ್ಲಿ ಗಿರ್ಮಿಟ್ ತಿಂದು ಚಹಾ ಕುಡಿಯುತ್ತಿದ್ದೆ. ಎಡಗೈಯಲ್ಲಿದ್ದ ಕಪ್ಪು ಜಾರಿ ಬಿತ್ತು. ಬೆರಳು ಮಡಚಲು ಹೋದರೆ ಮಾತೇ ಕೇಳಲಿಲ್ಲ. ಹತ್ತು ನಿಮಿಷಕ್ಕೆ ಸರಿಹೋಯ್ತು. ಮಿರ್ಚಿ ಜಾಸ್ತಿ ಆಯ್ತು, ಗ್ಯಾಸ್ ಅಂದುಕೊಂಡು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಬಂದುಬಿಟ್ಟೆ. ಮಿದುಳಿಗೆ ಹೋಗುವ ರಕ್ತ ಅಷ್ಟು ಹೊತ್ತು ತಡೆದಿತ್ತು, ಅದು ಲಕ್ವ ಕೊಟ್ಟ ನೋಟಿಸು ಅಂತ ಗೊತ್ತಾದದ್ದು ಆಮೇಲೆ. ನಮ್ಮ ಕಡೆ ಎಲ್ಲದಕ್ಕೂ ಗ್ಯಾಸ್ ಅಂತ ಒಂದು ಹೆಸರು ಸಿಕ್ಕಿಬಿಟ್ಟಿದೆ ನೋಡಿ. ಕೈ ಸತ್ತ ಹಾಗಾದರೆ ಹಿಡಿಯಬೇಕಾದದ್ದು ಮನೆ ದಾರಿಯಲ್ಲ, ಆಸ್ಪತ್ರೆಯದು.

ಮಗಳು ಹಟ ಹಿಡಿದು ಪರೀಕ್ಷೆ ಮಾಡಿಸಿದಳು. ಹಿಮೋಗ್ಲೋಬಿನ್ 19.4. ಲ್ಯಾಬ್ ಹುಡುಗ ಮಷಿನ್ ಕೆಟ್ಟಿದೆ ಅಂತ ಇನ್ನೊಂದು ಸಲ ಚುಚ್ಚಿದ. ಹಿಮಟೋಕ್ರಿಟ್ 58. ಅಂದರೆ ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಕೆಂಪುಕಣ. ನೀರು ಹರಿಯುವ ಪೈಪಿನಲ್ಲಿ ಬೆಲ್ಲದ ಪಾಕ ಬಿಟ್ಟ ಹಾಗೆ. ಹೆಪ್ಪುಗಟ್ಟದೆ ಇನ್ನೇನಾದೀತು? 45ರ ಕೆಳಗೆ ಇಡಬೇಕು ಅನ್ನುತ್ತಾರೆ. ಇಟಲಿಯಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 45ರಿಂದ 50ರ ನಡುವೆ ಬಿಟ್ಟವರಲ್ಲಿ ಹೃದಯ, ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪುಗಳು ಸುಮಾರು ನಾಲ್ಕು ಪಟ್ಟು ಕಂಡವು. ನನಗೆ ವಯಸ್ಸು 60 ದಾಟಿದೆ, ಮೇಲೆ ಆ ಕಪ್ಪಿನ ಕಥೆ. ಅದಕ್ಕೇ ಸಣ್ಣ ಆಸ್ಪಿರಿನ್ ಜೊತೆ, ಮಜ್ಜೆಗೆ ಲಗಾಮು ಹಾಕುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೂಡ.

ದಾಳಿಂಬೆ ತಿಂದೆ. ಟಾನಿಕ್ ಬಾಟಲಿ ಮಾತ್ರ ವಾಪಸ್ ಕೊಟ್ಟೆ. ಅಕ್ಕ ಮುಖ ಸಣ್ಣದು ಮಾಡಿಕೊಂಡಿದ್ದಾರೆ.